ಕಾರ್ಮಿನ್ ಬಾಯಿಯ ಲ್ಯಾಟಿನೋ ಮತ

ವೆಂಕಟಾಚಲನಿಗೆ ಯಾರದಾದರೂ ಹೆಸರು ಹೇಳಿದರೆ ಸಾಕಿತ್ತು, ಮಿಕ್ಕಿದ್ದನ್ನೆಲ್ಲ ಅವನೇ ಹೇಳಿಬಿಡುತ್ತಿದ್ದ. ಸ್ಯಾನ್ ಡಿಯೇಗೊದಲ್ಲಿ ಕನ್ನಡದವರ ಹಬ್ಬದೂಟಕ್ಕೆ ಹೊಸಬರು ಯಾರೇ ಬರಲಿ, ಅವರ ಕೈಗೆ ಕಾಫಿ ಲೋಟ ಸೇರುವ ಮುಂಚೆ ಇವನು ಎದುರಿಗೆ ನಿಂತಿರುತ್ತಿದ್ದ. ಹೆಸರು ಕೇಳುವನು, ತಂದೆಯ ಹೆಸರು ಕೇಳುವನು, ಕಣ್ಣು ಅರ್ಧ ಮುಚ್ಚಿಕೊಂಡು ಊರು, ಜಾತಿ, ಒಳಪಂಗಡ, ಅಡುಗೆಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತದೋ ಇಲ್ಲವೋ, ಊರಲ್ಲಿ ಯಾವ ಪಕ್ಷದ ಕಡೆಯವರು, ಎಲ್ಲ ಒಪ್ಪಿಸುವನು. ಎಷ್ಟೋ ಸಲ ಸರಿಯೂ ಆಗುತ್ತಿತ್ತು. ತಪ್ಪಾದಾಗ ತಪ್ಪು ಎದುರಿಗಿದ್ದವರದು. "ಅಂದ್ರೆ ನಿಮ್ಮ ಮನೆತನ ಎಲ್ಲೋ ದಾರಿ ಬಿಟ್ಟಿದೆ, ಬಿಡಿ" ಎಂದು ಅವರನ್ನೇ ಸಮಾಧಾನ ಮಾಡಿ ಕಳಿಸುತ್ತಿದ್ದ.

ಇಂಥ ವಿದ್ಯೆ ಕೈಯಲ್ಲಿರುವವನು ಟೆಲಿಕಾಂ ಇಂಜಿನಿಯರಾಗಿಯೇ ಮುದುಕನಾಗುವುದುಂಟೆ? ಸೊರೆಂಟೊ ವ್ಯಾಲಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಚುನಾವಣೆಯ ಸಮೀಕ್ಷೆ ಮಾಡುವ ಕಂಪನಿ ತೆರೆದ. ಸಾವಿರ ಜನಕ್ಕೆ ಫೋನ್ ಹಚ್ಚಿ, ಯಾರಿಗೆ ಓಟು ಹಾಕುತ್ತೀರಿ ಎಂದು ಕೇಳಿ, ಅದರಿಂದ ಹತ್ತು ಲಕ್ಷ ಜನರ ಮನಸ್ಸು ಹೇಳುವ ಕೆಲಸ. ಜ್ಯೋತಿಷಿ ಹೇಳಿದ್ದು ತಪ್ಪಾದರೆ ದಕ್ಷಿಣೆ ವಾಪಸ್ ಕೇಳುವವರಾದರೂ ಇರುತ್ತಾರೆ. ಇಲ್ಲಿ ಅದೂ ಇಲ್ಲ.

ನಿರುಪಮಾ ಅವನಲ್ಲಿ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಇಪ್ಪತ್ತರಲ್ಲಿ, ಕೊರೋನಾ ಕಾಲಕ್ಕೆ ಹಳೆಯ ಕೆಲಸ ಹೋದ ಮೇಲೆ. ಪ್ರಶ್ನೆಗಳನ್ನು ಜೋಡಿಸುವುದು, ಫೋನ್ ಮಾಡುವವರ ಮಾತು ಕೇಳಿಸಿಕೊಂಡು ತಿದ್ದುವುದು, ಬಂದ ಉತ್ತರಗಳನ್ನು ಅಳೆದು ಸುರಿದು ವರದಿ ಬರೆಯುವುದು, ಎಲ್ಲ ಅವಳದೇ. ವರದಿಯ ಮುಖಪುಟದ ಮೇಲೆ ಮಾತ್ರ ವೆಂಕಟಾಚಲನ ಹೆಸರು ಹೋಟೆಲ್ ಬೋರ್ಡಿನಷ್ಟು ದಪ್ಪಗೆ ಇರುತ್ತಿತ್ತು. ಕೊನೆಯ ಪುಟದಲ್ಲಿ ಕೃತಜ್ಞತೆ ಹೇಳುವಾಗ ಕಾಫಿ ಮೆಷೀನು ರಿಪೇರಿ ಮಾಡಿದವನ ಹೆಸರೂ ಒಮ್ಮೆ ಬಂದಿತ್ತು. ಇವಳದು ಬಂದಿರಲಿಲ್ಲ.

ಆ ವರ್ಷವೇ ಕಂಪನಿಯ ಮೊದಲ ಲೆಕ್ಕಾಚಾರ ಮುಗ್ಗರಿಸಿತ್ತು. ಲ್ಯಾಟಿನೋಗಳು, ಅಂದರೆ ಮೆಕ್ಸಿಕೊದಿಂದ ಕೆಳಗೆ ದಕ್ಷಿಣ ಅಮೆರಿಕದ ತುದಿಯವರೆಗಿನ ನಾಡುಗಳಿಂದ ತಾವೋ ತಮ್ಮ ಹಿರಿಯರೋ ಬಂದವರು, ಸಾರಾಸಗಟಾಗಿ ಡೆಮೊಕ್ರಾಟರ ಕಡೆ ಎಂದು ವೆಂಕಟಾಚಲ ಬರೆದುಕೊಟ್ಟಿದ್ದ. ಅವರು ಸಾರಾಸಗಟಾಗಿ ಎಲ್ಲಿಗೂ ಹೋಗಲಿಲ್ಲ. ಕೆಲವರು ಆ ಕಡೆ, ಕೆಲವರು ಈ ಕಡೆ, ಕೆಲವರು ಮನೆಯಲ್ಲೇ ಉಳಿದರು.

"ಜನ ಫೋನಲ್ಲಿ ಸುಳ್ಳು ಹೇಳಿದ್ರು ಮೇಡಂ. ನಾವೇನ್ ಮಾಡಕ್ಕಾಗುತ್ತೆ?" ಎಂದ ವೆಂಕಟಾಚಲ. ತಾನು ಅಳೆದದ್ದು ಸರಿಯಾಗಿಯೇ ಇತ್ತು, ಜನರೇ ಸೊಟ್ಟಗಿದ್ದರು ಎಂಬುದು ಅವನ ನಂಬಿಕೆ.

ಎರಡು ಸಾವಿರದ ಇಪ್ಪತ್ನಾಲ್ಕರಲ್ಲಿ ದೊಡ್ಡ ಕೆಲಸವೊಂದು ಬಂತು. ಲಾಸ್ ಏಂಜಲೀಸ್ ಕಡೆ ಒಂದು, ಸ್ಯಾನ್ ಡಿಯೇಗೊ ಕಡೆ ಒಂದು, ಎರಡು ಸೀಟುಗಳ ಮೇಲೆ ಕಣ್ಣಿಟ್ಟಿದ್ದ, ಡೆಮೊಕ್ರಾಟರ ಕಡೆಯ ಹಣವಂತರ ಕಮಿಟಿಯೊಂದು ಲ್ಯಾಟಿನೋ ಮತ ಎತ್ತ ವಾಲುತ್ತದೆ ಎಂದು ತಿಳಿಯಬೇಕೆಂದಿತ್ತು. ನಿರುಪಮಾ ವೆಂಕಟಾಚಲನ ಎದುರು ಕೂತು ಹೇಳಿದಳು, "ಸರ್, ಈ ಸಲ ವರದಿ ಮೇಲೆ ನನ್ನ ಹೆಸರು ಇರಬೇಕು."

ಅದಕ್ಕೆ ಕಾರಣವಿತ್ತು. ಲಾಸ್ ಏಂಜಲೀಸಿನ ಒಂದು ಆಸ್ಪತ್ರೆಯಲ್ಲಿ ಜನರ ಆರೋಗ್ಯದ ಸಮೀಕ್ಷೆ ನಡೆಸುವ ವಿಭಾಗಕ್ಕೆ ಮುಖ್ಯಸ್ಥರು ಬೇಕಾಗಿದ್ದರು. ಅವಳು ಅಪ್ಲೈ ಮಾಡಿದ್ದಳು. ನೀವು ಮುಂದೆ ನಿಂತು ನಡೆಸಿದ, ನಿಮ್ಮ ಹೆಸರಲ್ಲಿ ಹೊರಬಂದ ಒಂದು ಸಮೀಕ್ಷೆ ತೋರಿಸಿ ಎಂದು ಅವರು ಕೇಳಿದ್ದರು. ನಾಲ್ಕು ವರ್ಷ ಬೆನ್ನು ಬಗ್ಗಿಸಿ ದುಡಿದವಳ ಹತ್ತಿರ ತೋರಿಸಲಿಕ್ಕೆ ಒಂದು ಹಾಳೆಯೂ ಇರಲಿಲ್ಲ. ವೆಂಕಟಾಚಲನಿಂದ ಬಿಡುಗಡೆ ಬೇಕೆಂದರೆ ವೆಂಕಟಾಚಲನ ಮುಖಪುಟದ ಮೇಲೆಯೇ ಅವಳ ಹೆಸರು ಬೀಳಬೇಕಿತ್ತು.

"ಅಷ್ಟೇನಾ? ಹಾಕೋಣ ಬಿಡಿ" ಎಂದ ಅವನು, ತಟ್ಟೆಯಲ್ಲಿ ಉಳಿದ ಒಂದು ಬಜ್ಜಿ ಕೊಟ್ಟವನ ಹಾಗೆ.

ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸಿನ ನಾರ್ವಾಕ್‌ನಲ್ಲಿ ಒಂದು ಕೋಣೆ ಹಿಡಿದು ಎಂಟು ಮಂದಿ ಲ್ಯಾಟಿನೋ ಮತದಾರರನ್ನು ಕೂರಿಸಿ ಮಾತಾಡಿಸಿದರು. ಕೋಣೆಯ ಒಂದು ಗೋಡೆ ಗಾಜಿನದು. ಒಳಗಿನವರಿಗೆ ಅದು ಕನ್ನಡಿ, ಹೊರಗಿನವರಿಗೆ ಕಿಟಕಿ. ಕತ್ತಲೆ ಬದಿಯಲ್ಲಿ ವೆಂಕಟಾಚಲ, ನಿರುಪಮಾ, ಮತ್ತು ಅವರಲ್ಲಿ ಫೋನ್ ಮಾಡುವ ಎಫ್ರೇನ್ ಎಂಬ ಯುವಕ ಕೂತರು. ಎಫ್ರೇನ್ ನ್ಯಾಷನಲ್ ಸಿಟಿಯವನು, ಸ್ಪ್ಯಾನಿಷನ್ನು ಇವರಿಗೆ ಇಂಗ್ಲಿಷಿನಲ್ಲಿ ಹೇಳಲಿಕ್ಕೆ ಬಂದಿದ್ದ. ಆರ್ಟೀಸಿಯಾ ಹತ್ತಿರವೇ ಆದ್ದರಿಂದ ವೆಂಕಟಾಚಲ ದಾರಿಯಲ್ಲಿ ಅಲ್ಲಿನ ಇಂಡಿಯನ್ ಅಂಗಡಿಗಳ ಪಯೋನೀರ್ ಬೀದಿಗೆ ಹೋಗಿ ಖಾರಾಬೂಂದಿಯ ದೊಡ್ಡ ಪೊಟ್ಟಣ ತಂದಿದ್ದ. ಅದನ್ನು ತೊಡೆಯ ಮೇಲಿಟ್ಟುಕೊಂಡು, ಸರ್ಕಸ್ಸಿಗೆ ಬಂದವನ ಹಾಗೆ ಕಾಲು ಚಾಚಿದ.

ಒಳಗೆ ಮೊದಲು ಬಾಯಿ ಬಿಟ್ಟವನು ಗೋದಾಮಿನ ಮೇಸ್ತ್ರಿ. ಮೆಕ್ಸಿಕೊದಲ್ಲಿ ಹುಟ್ಟಿದವನು, ಕಾಗದಪತ್ರಕ್ಕೆ ವರ್ಷಗಟ್ಟಲೆ ಕಾದವನು. ಗಡಿಯ ಬಾಗಿಲು ಇನ್ನೂ ಬಿಗಿಯಾಗಿ ಹಾಕಬೇಕು ಎಂದ.

"ನಿನ್ನ ನಂತರ ಹಾಕಬೇಕು, ಅಲ್ಲವಾ?" ಎಂದಳು ಪಕ್ಕದ ಕುರ್ಚಿಯ ಮಾಸ್ತರಮ್ಮ, ಬಾಯ್ಲ್ ಹೈಟ್ಸಿನವಳು. "ನನ್ನ ತಂಗಿ ಬಾಗಿಲ ಆ ಕಡೆ ಇದ್ದಾಳೆ."

"ನನ್ನ ತಮ್ಮನೂ ಆ ಕಡೆಯೇ ಇದ್ದಾನೆ. ಅಲ್ಲೇ ಇರಲಿ, ನನಗೆ ಸಾಲ ಕೇಳುವುದು ತಪ್ಪಿತು" ಎಂದ ಮೇಸ್ತ್ರಿ. ಕೋಣೆ ನಕ್ಕಿತು.

ಎಲ್ ಸಾಲ್ವಡೋರಿನ ಹೆಂಗಸೊಬ್ಬಳು ಮುದುಕರನ್ನು ನೋಡಿಕೊಳ್ಳುವ ಕೆಲಸದವಳು. ಗರ್ಭಪಾತದ ವಿಷಯದಲ್ಲಿ ತನ್ನ ಪಾದ್ರಿ ಹೇಳಿದ ಹಾಗೆ, ಸಂಬಳದ ವಿಷಯದಲ್ಲಿ ತನ್ನ ಯೂನಿಯನ್ ಹೇಳಿದ ಹಾಗೆ, ಇಬ್ಬರೂ ಜಗಳವಾಡಿದರೆ ತನ್ನ ಮನಸ್ಸು ಹೇಳಿದ ಹಾಗೆ ಓಟು ಹಾಕುತ್ತೇನೆ ಎಂದಳು. ಕ್ಯೂಬಾದಿಂದ ಬಂದವರ ಮಗ, ಡೌನಿಯಲ್ಲಿ ಹಲ್ಲಿನ ಡಾಕ್ಟರು, ಸರ್ಕಾರ ಏನನ್ನಾದರೂ ಬಿಟ್ಟಿ ಕೊಡುತ್ತೇನೆಂದರೆ ತನಗೆ ಮೈ ಉರಿಯುತ್ತದೆ ಎಂದ. ವಿಟ್ಟಿಯರ್‌ನ ಒಬ್ಬ ನಡುವಯಸ್ಸಿನವನಿಗೆ ಸ್ಪ್ಯಾನಿಷ್ ಒಂದಕ್ಷರ ಬರುತ್ತಿರಲಿಲ್ಲ. ಅಜ್ಜನ ಕಾಲಕ್ಕೇ ಇಲ್ಲಿಯವರಾದ ನಮ್ಮನ್ನು ಇನ್ನೂ ಏಕೆ ಬೇರೆ ಕೂರಿಸಿ ಕೇಳುತ್ತೀರಿ, ನನಗೆ ಪೆಟ್ರೋಲಿನ ರೇಟು ಬಿಟ್ಟು ಬೇರೆ ರಾಜಕೀಯವಿಲ್ಲ ಎಂದ. ಮಾಂಟೆಬೆಲ್ಲೋದಿಂದ ಬಂದ ಹೆಂಗಸಿನ ಹೆಸರು ಬೇಕರ್, ಗಂಡನ ಕಡೆಯ ಹೆಸರು. ಅವಳನ್ನು ಗೆಳತಿಯೊಬ್ಬಳು ಕರೆತಂದಿದ್ದಳು. "ನನ್ನನ್ನು ಯಾರೂ ಯಾವತ್ತೂ ಕೇಳಿಯೇ ಇಲ್ಲ. ಬೇಕರ್ ಅಂದರೆ ಲ್ಯಾಟಿನಾ ಅಲ್ಲ ಅಂದುಕೊಳ್ಳುತ್ತಾರೆ" ಎಂದಳು.

ಗಾಜಿನ ಈಚೆ ವೆಂಕಟಾಚಲ ಒಬ್ಬೊಬ್ಬರ ಮಾತು ಮುಗಿದಾಗಲೂ ಒಂದು ಹಿಡಿ ಬೂಂದಿ ಬಾಯಿಗೆ ಹಾಕಿ ತೀರ್ಪು ಕೊಡುತ್ತಿದ್ದ. ಮೇಸ್ತ್ರಿಗೆ, "ಇವ್ನು ಎಕ್ಸೆಪ್ಷನ್ನು." ಡಾಕ್ಟರಿಗೆ, "ಕ್ಯೂಬಾದವ್ರು ಲೆಕ್ಕಕ್ಕಿಲ್ಲ ಬಿಡಿ." ಯೂನಿಯನ್ ಹೆಂಗಸಿಗೆ, "ಕನ್‌ಫ್ಯೂಸ್ ಆಗಿದ್ದಾಳೆ ಪಾಪ." ಬೇಕರ್‌ಗೆ, "ಇವ್ಳನ್ನ ಯಾರ್ ಕರ್ಕೊಂಬಂದ್ರು?" ಎಂಟನೆಯವರೂ ಮುಗಿದಾಗ ನಿರುಪಮಾ ಕೇಳಿದಳು,

"ಸರ್, ಎಂಟಕ್ಕೆ ಎಂಟೂ ಎಕ್ಸೆಪ್ಷನ್ ಆದ್ರು. ಹಾಗಾದ್ರೆ ರೂಲ್ ಎಲ್ಲಿ ಕೂತಿದೆ?"

"ಡೇಟಾದಲ್ಲಿ ಮೇಡಂ, ಡೇಟಾದಲ್ಲಿ. ಮನುಷ್ಯರನ್ನ ನೋಡಿ ತಲೆ ಕೆಡಿಸ್ಕೋಬೇಡಿ."

ಎಫ್ರೇನ್ ಬೂಂದಿಯ ಪೊಟ್ಟಣವನ್ನೇ ನೋಡುತ್ತಿದ್ದ. ಅವನಿಗೆ ಯಾರೂ ಕೊಟ್ಟಿರಲಿಲ್ಲ. ಅವನ ಓಟು ಯಾರಿಗೆ ಎಂದೂ ಯಾರೂ ಕೇಳಿರಲಿಲ್ಲ.

ವಾಪಸ್ ಬರುವಾಗ ನಿರುಪಮಾಳಿಗೆ ನಗು ಬಂತು. ಸ್ಯಾನ್ ಡಿಯೇಗೊದ ಕನ್ನಡದವರು ಮುನ್ನೂರು ಮನೆ ಇದ್ದರೆ ಹೆಚ್ಚು. ಯುಗಾದಿಯ ಊಟಕ್ಕೆ ಹೋಳಿಗೆ ಕೇಟರಿಂಗ್‌ನಿಂದ ತರಿಸುವುದೋ ಮನೆಗಳಲ್ಲಿ ಹಂಚಿಕೊಂಡು ಮಾಡುವುದೋ ಎಂಬುದರ ಮೇಲೆ ಹಿಂದಿನ ವರ್ಷ ಸಂಘ ಒಡೆದು ಎರಡಾಗಿತ್ತು. ಒಡೆದ ಚೂರಿಗೆ ವೆಂಕಟಾಚಲನೇ ಅಧ್ಯಕ್ಷ. ಹೋಳಿಗೆಯ ಮೇಲೆ ಒಮ್ಮತಕ್ಕೆ ಬರಲಾರದ ಮನುಷ್ಯ ಒಂದು ಖಂಡದಷ್ಟು ಜನ ಒಂದೇ ಬೆರಳಿನಿಂದ ಓಟು ಒತ್ತುತ್ತಾರೆ ಎಂದು ಕಾದು ಕೂತಿದ್ದ.

ಫೋನ್ ಸಮೀಕ್ಷೆ ಶುರುವಾಗುವ ಹಿಂದಿನ ದಿನ ಅವನು ಪ್ರಶ್ನೆಗಳ ಹಾಳೆ ತರಿಸಿಕೊಂಡು ಮೊದಲನೆಯ ಪ್ರಶ್ನೆಯನ್ನೇ ಹೊಡೆದು ಹಾಕಿದ. ನಿಮ್ಮನ್ನು ನೀವು ಲ್ಯಾಟಿನೋ ಎಂದು ಹೇಳಿಕೊಳ್ಳುತ್ತೀರಾ, ಎಂಬ ಪ್ರಶ್ನೆ.

"ಅದು ಬೇಕು ಸರ್. ಅದಿಲ್ದೆ ಯಾರ ಹತ್ರ ಮಾತಾಡ್ತಿದೀವಿ ಅಂತ ಹೇಗೆ ಗೊತ್ತಾಗುತ್ತೆ?"

"ಹೆಸರೇ ಹೇಳುತ್ತಲ್ರೀ. ಮತದಾರರ ಪಟ್ಟಿಯಿಂದ ಸ್ಪ್ಯಾನಿಷ್ ಹೆಸರುಗಳನ್ನೇ ಆರಿಸ್ಕೊಂಡಿದೀವಿ. ರೇಯಸ್, ಕ್ರೂಸ್, ಸಾಂತೋಸ್ ಅಂತ ಹೆಸರಿಟ್ಕೊಂಡು ನೀವು ಯಾರು ಅಂತ ಕೇಳಿದ್ರೆ ಅವ್ರಿಗೆ ಅವಮಾನ. ಕಾಲ್ ಉದ್ದ ಆದಷ್ಟೂ ಜನ ಫೋನ್ ಇಟ್ಬಿಡ್ತಾರೆ, ನಮ್ಗೆ ಖರ್ಚು. ಹೆಸರು ಕೇಳಿ ಜಾತಕ ಹೇಳೋನು ನಾನು, ನಂಗೇ ಹೇಳ್ಕೊಡ್ತೀರಾ?"

ಅವಳು ಇನ್ನೆರಡು ಸಲ ಹೇಳಿದಳು, ಮೇಲ್‌ನಲ್ಲೂ ಬರೆದಳು. ಆಮೇಲೆ ಸುಮ್ಮನಾದಳು. ಮುಖಪುಟ ಅವನ ಕೈಯಲ್ಲಿತ್ತು.

ಬಂದ ಅಂಕಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ನೂರಕ್ಕೆ ಎಪ್ಪತ್ತು ನಮ್ಮವರೇ ಎಂದು ಕಮಿಟಿಯವರು ಕನಸು ಕಾಣುತ್ತಿದ್ದರು. ಬಂದದ್ದು ಐವತ್ನಾಲ್ಕು. ವೆಂಕಟಾಚಲ ಒಂದು ದಿನ ಮಂಕಾಗಿ ಕೂತಿದ್ದ. ಮರುದಿನ ಬೇರೆಯೇ ಮನುಷ್ಯನಾಗಿ ಬಂದ. "ಯಾರೂ ಕಾಣದೆ ಇರೋದನ್ನ ನಾವು ಕಂಡಿದೀವಿ ಮೇಡಂ. ದೊಡ್ಡ ದೊಡ್ಡ ಕಂಪನಿಗಳು ಕುರುಡು" ಎಂದ. ಕಮಿಟಿಗೆ ಕರಡು ಕಳಿಸಿದ. ಮುಖಪುಟದಲ್ಲಿ ಅವನ ಹೆಸರಿನ ಕೆಳಗೆ, ಮಾತು ಕೊಟ್ಟ ಹಾಗೆ, ನಿರುಪಮಾಳ ಹೆಸರಿತ್ತು. ಅವಳು ಆ ಹಾಳೆಯನ್ನು ಸ್ಕ್ರೀನಿನ ಮೇಲೆ ದೊಡ್ಡದು ಮಾಡಿ ನೋಡಿದಳು. ನಾರ್ವಾಕಿನ ಕೋಣೆಯಲ್ಲಿ ಕೇಳಿದ್ದು ನೆನೆದರೆ ಐವತ್ನಾಲ್ಕು ಇದ್ದರೂ ಇರಬಹುದು ಎಂದು ಅವಳಿಗೂ ಅನ್ನಿಸಿತು. ಗಂಡ ರಾಜೀವ್‌ಗೆ ತೋರಿಸಿದಳು. ಅವನು, "ಆಸ್ಪತ್ರೆಯವ್ರಿಗೆ ಇದನ್ನೇ ಕಳ್ಸು ನಿರೂ, ಸಾಕು ಈ ಮನುಷ್ಯನ ಸಹವಾಸ" ಎಂದ.

ಅದೇ ವಾರ ನವರಾತ್ರಿ. ಕಾರ್ಲ್ಸ್‌ಬಾಡ್‌ನಲ್ಲಿ ವೆಂಕಟಾಚಲನ ಹೆಂಡತಿ ನಮ್ರತಾ ಪ್ರತಿ ವರ್ಷ ಗೊಂಬೆ ಕೂರಿಸುತ್ತಿದ್ದಳು. ಪಟ್ಟದ ಗೊಂಬೆಗಳ ಕೆಳಗೆ ಮೈಸೂರು ದಸರೆಯ ಸಾಲು, ಅದರ ಕೆಳಗೆ ಅಮೆರಿಕದ ಶ್ವೇತಭವನದ ಒಂದು ಪ್ಲಾಸ್ಟಿಕ್ಕು, ಅದರ ಮುಂದೆ ಎರಡು ಬಣ್ಣದ ಕಾಳುಗಳನ್ನು ತುಂಬಿದ ಎರಡು ಗಾಜಿನ ಬಟ್ಟಲು. ಹೆಸರುಕಾಳು ಡೆಮೊಕ್ರಾಟರ ಐವತ್ನಾಲ್ಕು, ಕೆಂಪು ಅಲಸಂದೆ ಮಿಕ್ಕವರದು ಎಂದು ವೆಂಕಟಾಚಲ ಬಂದವರಿಗೆಲ್ಲ ವಿವರಿಸುತ್ತಿದ್ದ. ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದವರು, ಕೈಯಲ್ಲಿ ಉಸಲಿ ಹಿಡಿದು ಲ್ಯಾಟಿನೋ ಮನಸ್ಸಿನ ಆಳದ ಬಗ್ಗೆ ಉಪನ್ಯಾಸ ಕೇಳಬೇಕಾಯಿತು.

ಅವರಲ್ಲಿ ಕಾರ್ಮಿನ್ ಲೋಬೊ ಇದ್ದರು. ಮಂಗಳೂರಿನ ಕ್ರಿಶ್ಚನ್ನರು, ಮೀರಾ ಮೇಸಾದಲ್ಲಿ ಮನೆ, ನರ್ಸ್ ಆಗಿದ್ದು ನಿವೃತ್ತಿಯಾದವರು. ಎಲ್ಲರಿಗೂ ಅವರು ಕಾರ್ಮಿನ್ ಬಾಯಿ. ಗೊಂಬೆ ನೋಡಲಿಕ್ಕೆ ಯಾರ ಮನೆಗೆ ಕರೆದರೂ ಒಂದು ಡಬ್ಬಿ ನೀರುದೋಸೆ ಹಿಡಿದು ಬರುವವರು.

"ಲ್ಯಾಟಿನೋ ಲ್ಯಾಟಿನೋ ಅಂತ ಹೇಳ್ತೀರಲ್ಲ, ನನಗೂ ಮೊನ್ನೆ ಒಂದು ಫೋನ್ ಬಂದಿತ್ತು ಮಾರಾಯ್ತಿ" ಎಂದರು ಅವರು ನಿರುಪಮಾಳಿಗೆ, ಸೋಫಾದ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತ. "ಎಂಥ ಮರ್ಯಾದೆಯ ಹುಡುಗ. ಸೆನ್ಯೋರಾ ಲೋಬೊ ಅಂತ ಶುರು ಮಾಡಿದ. ನಾನು ಹೇಳಿದೆ, ಇಂಗ್ಲಿಷಿನಲ್ಲಿ ಮಾತಾಡು ಮಗ, ನನಗೆ ಸ್ಪ್ಯಾನಿಷ್ ಬರುದಿಲ್ಲ ಅಂತ. ಪಾಪ, ಇಂಗ್ಲಿಷಿನಲ್ಲೇ ಎಲ್ಲ ಕೇಳಿದ. ಪೆಟ್ರೋಲಿನ ರೇಟು, ಗಡಿ, ಶಾಲೆ, ಗರ್ಭಪಾತ. ನಾನು ಎಂತಕ್ಕೆ ಮುಚ್ಚಿಡುದು? ನಮ್ಮದು ಇಗರ್ಜಿಯ ಪಾದ್ರಿಗಳು ಹೇಳಿದ ಪ್ರಕಾರ ಅಲ್ವಾ. ಈ ಸಲ ರಿಪಬ್ಲಿಕನ್ನರಿಗೇ ಅಂತ ಹೇಳಿದೆ."

ನಿರುಪಮಾಳ ಕೈಯಲ್ಲಿದ್ದ ಉಸಲಿಯ ಚಮಚ ಅಲ್ಲೇ ನಿಂತಿತು. "ಬಾಯಿ, ನೀವು ಮಂಗಳೂರಿನವರು ಅಂತ ಹೇಳಿದ್ರಾ ಅವನಿಗೆ?"

"ಅವನು ಕೇಳ್ಬೇಕಲ್ಲ? ಕೇಳಿದ್ರೆ ಹೇಳ್ತಿದ್ದೆ. ಕಡೆಗೆ, ಲ್ಯಾಟಿನೋ ಸಮುದಾಯದ ಧ್ವನಿಯನ್ನು ಕೇಳಿಸಿದ್ದಕ್ಕೆ ಥ್ಯಾಂಕ್ಸ್ ಅಂತ ಹೇಳಿ ಇಟ್ಟ. ನಾನು ಎಣಿಸಿದೆ, ಇರ್ಲಿ, ಎಲ್ಲರ ಧ್ವನಿಯನ್ನೂ ಕೇಳಿಸುವ ಅಂತ. ನನ್ನ ಪಕ್ಕದ ಮನೆಯ ರೇಯಸ್‌ನವಳಿಗೂ ಬಂದಿತ್ತಂತೆ. ಅವಳು ಫಿಲಿಪೀನ್ಸಿನ ಮನಿಲಾದವಳು."

ವೆಂಕಟಾಚಲ ಎರಡು ಮಾರು ದೂರದಲ್ಲಿ ನಿಂತು ಕಾಳಿನ ಬಟ್ಟಲು ತೋರಿಸುತ್ತಿದ್ದ.

ಹಬ್ಬದ ಮನೆಯಲ್ಲಿ ಗಂಡಸಿನ ಮುಖಕ್ಕೆ ಮಸಿ ಬಳಿಯುವುದು ನಿರುಪಮಾಳ ಸ್ವಭಾವವಲ್ಲ. ಮರುದಿನ ಆಫೀಸಿಗೆ ಹೋಗಿ ಎಫ್ರೇನ್‌ನನ್ನು ಕೂರಿಸಿಕೊಂಡು, ಉತ್ತರ ಕೊಟ್ಟವರಲ್ಲಿ ಕೆಲವರಿಗೆ ಮತ್ತೆ ಫೋನ್ ಮಾಡಿಸಿದಳು. ಹೊಡೆದುಹಾಕಿದ್ದ ಪ್ರಶ್ನೆಯೊಂದನ್ನೇ ಕೇಳಿಸಿದಳು. ಫಿಲಿಪೀನ್ಸಿನವರು ಸಿಕ್ಕಿದರು, ಒಬ್ಬರಾದ ಮೇಲೆ ಒಬ್ಬರು. ಗೋವಾದವರು ಸಿಕ್ಕಿದರು. ಪಾಯಿಂಟ್ ಲೋಮಾದಲ್ಲಿ ಅಪ್ಪನ ಕಾಲದಿಂದ ಮೀನಿನ ದೋಣಿ ಇಟ್ಟಿದ್ದ ಪೋರ್ಚುಗೀಸ್ ಮುದುಕ ಸಿಕ್ಕಿ, ನನ್ನನ್ನು ಮೆಕ್ಸಿಕನ್ ಎಂದವನು ಯಾರು ಎಂದು ಎಫ್ರೇನ್‌ಗೆ ಬೈದ.

"ನಿನಗೆ ಮೊದಲೇ ಅನುಮಾನ ಬಂದಿರಲಿಲ್ಲವಾ?" ಎಂದು ಕೇಳಿದಳು ನಿರುಪಮಾ.

"ಬಂದಿತ್ತು. ಆದರೆ ಕೇಳಬೇಡ ಎಂದು ಹಾಳೆಯಲ್ಲಿತ್ತು" ಎಂದ ಎಫ್ರೇನ್. "ಮತ್ತೆ ಆ ಲೋಬೊ ಅಜ್ಜಿ ಬಹಳ ಚೆನ್ನಾಗಿ ಮಾತಾಡಿದರು. ನಮ್ಮವರಾದರೆ ಫೋನೇ ಎತ್ತುವುದಿಲ್ಲ. ನಮ್ಮಮ್ಮನೂ ಎತ್ತುವುದಿಲ್ಲ."

ಅಷ್ಟೇ ಆಗಿದ್ದರೆ ಒಂದು ಮಾತು. ಫೋನ್ ಎತ್ತುವ ಲ್ಯಾಟಿನೋ ಮುದುಕಿಯರು ಕಡಿಮೆ. ಆದ್ದರಿಂದ ಎತ್ತಿದವರಿಗೆ ಲೆಕ್ಕದಲ್ಲಿ ತೂಕ ಹೆಚ್ಚು ಕೊಡುವುದು ಈ ಕಸುಬಿನ ರೂಢಿ. ಹಾಗಾಗಿ ಕಾರ್ಮಿನ್ ಬಾಯಿ ಒಬ್ಬರೇ ಆರು ಮಂದಿ ಲ್ಯಾಟಿನೋ ಅಜ್ಜಿಯರ ಸಮ ಆಗಿ ವರದಿಯೊಳಗೆ ಕೂತಿದ್ದರು.

ನಿರುಪಮಾ ವೆಂಕಟಾಚಲನ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅವನು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೇಳಿಸಿಕೊಂಡ.

"ಒಬ್ರಿಬ್ರು ಎಲ್ಲ ಕಡೆ ಇರ್ತಾರೆ."

"ಒಬ್ರಿಬ್ರಲ್ಲ ಸರ್. ಮೀರಾ ಮೇಸಾ, ನ್ಯಾಷನಲ್ ಸಿಟಿ, ಆ ಕಡೆ ಸೆರಿಟೋಸ್, ನಾವು ಹೆಚ್ಚು ಉತ್ತರ ತಂದಿದ್ದೇ ಫಿಲಿಪೀನ್ಸಿನವ್ರು ಇರೋ ಕಡೆಯಿಂದ. ಆ ಪ್ರಶ್ನೆ ಸೇರ್ಸಿ ಇನ್ನೊಂದ್ಸಲ ಮಾಡೋಣ. ಟೈಮ್ ಇದೆ."

"ಕಮಿಟಿಗೆ ಹೋಗಾಯ್ತು. ಈಗ ವಾಪಸ್ ತಗೊಂಡ್ರೆ ನನ್ನ ಮುಖ ಏನಾಗ್ಬೇಕು?"

"ಅಂಕಿ ತಪ್ಪು ಅಂತ ನಾನು ಹೇಳ್ತಿಲ್ಲ ಸರ್. ಸರಿ ಇರ್ಬಹುದು, ಇಲ್ದೇನೂ ಇರ್ಬಹುದು. ನಮ್ಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರೀಬೇಕು."

"ಗೊತ್ತಿಲ್ಲ ಅಂತ ಬರ್ದುಕೊಡಕ್ಕೆ ನಮ್ಗೆ ಯಾಕ್ರೀ ದುಡ್ಡು ಕೊಡ್ತಾರೆ?" ವೆಂಕಟಾಚಲ ನಕ್ಕ. ಅವನ ಮಟ್ಟಿಗೆ ವಾದ ಅಲ್ಲಿಗೆ ಮುಗಿದಿತ್ತು. "ನೋಡಿ ಮೇಡಂ, ಸ್ಪೇನಿನವ್ರು ಫಿಲಿಪೀನ್ಸನ್ನೂ ಆಳಿದ್ರು. ಪೋರ್ಚುಗೀಸರು ಪಕ್ಕದ ಮನೆ. ಒಂಥರಾ ಎಲ್ಲ ಒಂದೇ ಕಲ್ಚರ್ರು."

ನಿರುಪಮಾಳಿಗೆ ಕೋಪ ಬರಲಿಲ್ಲ. ಕೋಪ ಬರಬೇಕಾದರೆ ಎದುರಿಗಿರುವವನಲ್ಲಿ ಅಷ್ಟಿಷ್ಟಾದರೂ ಏನೋ ಇದೆ ಎನ್ನಿಸಬೇಕು. ಅವಳಿಗೆ ಬಂದದ್ದು ಅಸಹ್ಯ, ಅಂಗಡಿಯಿಂದ ತಂದ ತೊಗರಿಬೇಳೆಯಲ್ಲಿ ಹುಳ ಕಂಡ ಹಾಗೆ. ನಾಲ್ಕು ವರ್ಷ ಈ ಬೇಳೆಯನ್ನು ತಾನೇ ಬೇಯಿಸಿ ಬಡಿಸಿದ್ದೇನಲ್ಲ ಎಂಬ ಅಸಹ್ಯ.

"ಹಾಗಾದ್ರೆ ಕೊನೇ ಪ್ರತಿಯಿಂದ ನನ್ನ ಹೆಸರು ತೆಗೀರಿ" ಎಂದಳು.

"ನೀವೇ ಕೇಳಿದ್ದು."

"ಕೇಳಿದ್ದೆ. ಈಗ ತೆಗೀರಿ."

ಸಂಜೆ ರಾಜೀವ್ ತಲೆಯ ಮೇಲೆ ಕೈ ಹೊತ್ತುಕೂತ. "ಯಾರ್ ನೋಡ್ತಾರೆ ನಿರೂ ಅದನ್ನೆಲ್ಲ? ಹೆಸರಿಟ್ಕೊಂಡು ಕೆಲಸ ತಗೋ. ಅಲ್ಲಿಗೆ ಹೋದ್ಮೇಲೆ ಎಷ್ಟು ಬೇಕೋ ಅಷ್ಟು ಸತ್ಯವಾಗಿರು."

"ಮುಂಚೆ ಒಂದ್ಸಲ ಸುಳ್ಳು ಹೇಳಿ ಆಮೇಲೆ ಸತ್ಯವಾಗಿರಬೇಕಾ?"

"ಎಲ್ರೂ ಹಾಗೇ ತಾನೇ ಇರೋದು" ಎಂದ ರಾಜೀವ್. ಅವನು ಚಿಪ್ ಇಂಜಿನಿಯರು, ಒಳ್ಳೆಯವನು.

ನವೆಂಬರಿನಲ್ಲಿ ಚುನಾವಣೆ ಆಯಿತು. ಓಟು ಎಣಿಸಿ ಮುಗಿಯುವಷ್ಟರಲ್ಲಿ ಕ್ಯಾಲಿಫೋರ್ನಿಯಾದ ಟೀವಿಗಳೆಲ್ಲ ಬಾಯಿ ಬಾಯಿ ಬಿಡುತ್ತಿದ್ದವು. ಲ್ಯಾಟಿನೋ ಮತ ಹಿಂದೆ ಇದ್ದ ಕಡೆ ಇರಲಿಲ್ಲ, ಒಂದಷ್ಟು ರಿಪಬ್ಲಿಕನ್ನರ ಕಡೆ ಜಾರಿತ್ತು. ಕಮಿಟಿಯ ಎರಡು ಸೀಟುಗಳಲ್ಲಿ ಒಂದು ಕೈತಪ್ಪಿತು, ಇನ್ನೊಂದು ಏದುಸಿರು ಬಿಡುತ್ತ ಉಳಿಯಿತು. ಆ ಎರಡು ಕಡೆಯೂ ಲ್ಯಾಟಿನೋ ಬೀದಿಗಳಲ್ಲಿ ಬಿದ್ದ ಓಟು ಲೆಕ್ಕ ಹಾಕಿದರೆ, ನೂರಕ್ಕೆ ಐವತ್ನಾಲ್ಕರ ಆಸುಪಾಸು.

ಮಂಗಳೂರಿನ ಬಾಯಿ, ಮನಿಲಾದ ನೆರೆಯವಳು, ಪೋರ್ಚುಗೀಸ್ ಮೀನುಗಾರ, ಇವರನ್ನೆಲ್ಲ ಕೇಳಿ ಲ್ಯಾಟಿನೋಗಳ ಅಂಕಿ ತೆಗೆದಿದ್ದ ವೆಂಕಟಾಚಲ. ಆ ಅಂಕಿಯೇ ಸರಿ ಬಂತು. ಕೇಳಬೇಕಾದವರನ್ನೇ ಕೇಳಿದ ದೊಡ್ಡ ಕಂಪನಿಗಳು ತಪ್ಪಿದ್ದವು.

ಆಮೇಲೆ ಅವನನ್ನು ಹಿಡಿಯುವವರು ಯಾರು? ಟೀವಿಯಲ್ಲಿ ಕೂತು, ತಾನು ನಾರ್ವಾಕಿನಲ್ಲಿ ಗೋದಾಮಿನ ಮೇಸ್ತ್ರಿಯೊಬ್ಬನ ಕಣ್ಣಲ್ಲಿ ಇತಿಹಾಸ ಹೊರಳುವುದನ್ನು ಕಂಡೆ ಎಂದ. ಬೂಂದಿಯ ವಿಷಯ ಹೇಳಲಿಲ್ಲ. ಅವನದೇ ಸಂಘದ ರಾಜ್ಯೋತ್ಸವದಲ್ಲಿ ಅವನಿಗೇ ಸನ್ಮಾನ. ಅಧ್ಯಕ್ಷನಾಗಿ ತನ್ನನ್ನು ತಾನೇ ವೇದಿಕೆಗೆ ಕರೆದುಕೊಂಡು, ಮೈಸೂರು ಪೇಟ ತೊಡಿಸಿಕೊಂಡು, ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು, ಡೇಟಾ ಎಂದರೆ ತಪಸ್ಸು ಎಂದು ಭಾಷಣ ಮಾಡಿದ. ಹಿಂದಿನ ವರ್ಷ ಹೋಳಿಗೆಗಾಗಿ ಬಿಟ್ಟುಹೋಗಿದ್ದವರೂ ಬಂದು ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಕಾರ್ಮಿನ್ ಬಾಯಿಯೂ ತಟ್ಟಿದರು. ನಿರುಪಮಾಳ ಕಿವಿಯ ಹತ್ತಿರ ಬಗ್ಗಿ, "ಎಂಥ ತಲೆ ಮಾರಾಯ್ತಿ ಇವರದು. ಹೇಗೆ ಗೊತ್ತಾಗ್ತದೆ ಇವರಿಗೆ?" ಎಂದರು.

"ಕೆಲವರನ್ನ ಕೇಳ್ತಾರೆ ಬಾಯಿ" ಎಂದಳು ನಿರುಪಮಾ.

ಡಿಸೆಂಬರಿನಲ್ಲಿ ಆಸ್ಪತ್ರೆಯವರು ಸಂದರ್ಶನಕ್ಕೆ ಕರೆದರು. ಅವಳು ಬೆಳಗ್ಗೆ ಬೇಗ ಹೊರಟು ಲಾಸ್ ಏಂಜಲೀಸಿಗೆ ಡ್ರೈವ್ ಮಾಡಿಕೊಂಡು ಹೋದಳು. ಮೇಜಿನ ಆ ಕಡೆ ಮೂವರು. ನಡುವೆ ಕೂತಿದ್ದ ಬಿಳಿಗೂದಲಿನ ಹೆಂಗಸು ಆಸ್ಪತ್ರೆಯ ಮುಖ್ಯಸ್ಥೆ. ಅವಳ ಮುಂದೆ ವೆಂಕಟಾಚಲನ ವರದಿ ಇತ್ತು, ಅಲ್ಲಲ್ಲಿ ಹಳದಿ ಗೆರೆ ಎಳೆದು ಓದಿದ್ದರು.

"ನೀವು ಈ ಕಂಪನಿಯವರು. ಇದರಲ್ಲಿ ನಿಮ್ಮ ಕೈ ಇತ್ತೇ?"

"ಇತ್ತು."

"ಎಲ್ಲರೂ ಎಡವಿದ ಕಡೆ ನೀವು ಸರಿಯಾಗಿ ಹೇಳಿದಿರಿ. ಆದರೆ ನಿಮ್ಮ ಹೆಸರು ಕಾಣುತ್ತಿಲ್ಲವಲ್ಲ?"

ಒಂದು ಮಾತಿನಲ್ಲಿ ಕೆಲಸ ಅವಳದಾಗುತ್ತಿತ್ತು. ಬಾಸ್ ನನ್ನ ಹೆಸರು ನುಂಗಿದ ಎಂದಿದ್ದರೆ ಮೂವರೂ ತಲೆದೂಗುತ್ತಿದ್ದರು. ಅದು ನಾಲ್ಕು ವರ್ಷದ ಮಟ್ಟಿಗೆ ನಿಜವೂ ಆಗಿತ್ತು. ನಿರುಪಮಾ ಮೇಜಿನ ಮೇಲಿದ್ದ ವರದಿಯನ್ನು ನೋಡಿದಳು.

"ನಾನೇ ತೆಗೆಸಿದೆ" ಎಂದಳು. ಏಕೆ ಎಂದು ಮೊದಲಿನಿಂದ ಹೇಳಿದಳು. ಲೋಬೊ, ರೇಯಸ್, ದೋಣಿಯ ಮುದುಕ, ಹೊಡೆದುಹಾಕಿದ ಪ್ರಶ್ನೆ, ಎಲ್ಲ.

ಮುಖ್ಯಸ್ಥೆ ತಾಳ್ಮೆಯಿಂದ ಕೇಳಿ, "ಆದರೆ ಕೊನೆಗೆ ಅಂಕಿ ಸರಿ ಬಂತಲ್ಲ?" ಎಂದಳು.

"ಅಂಕಿ ಸರಿ ಬಂತು. ಅದನ್ನು ನಾವು ತಂದದ್ದಲ್ಲ, ಅದು ತಾನಾಗಿ ಬಂದದ್ದು. ನೀವು ನಡೆಸಬೇಕೆಂದಿರುವ ಸಕ್ಕರೆ ಕಾಯಿಲೆಯ ಸಮೀಕ್ಷೆಯನ್ನೂ ಹೀಗೆ ಮಾಡಿದರೆ, ಯಾರ ಕಾಲು ಕೊಳೆಯುತ್ತಿದೆ ಎಂದು ನಿಮಗೆ ಗೊತ್ತಾಗುವುದಿಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೆದ್ದ ಕುದುರೆಗೆ ಕುಂಟು ಇದೆ ಎಂದು ಕೇಳಲಿಕ್ಕೆ ಯಾರಿಗೂ ಇಷ್ಟವಿರಲಿಲ್ಲ. ತಿಳಿಸುತ್ತೇವೆ ಎಂದರು. ಬಹಳ ಮರ್ಯಾದೆಯಿಂದ ಬಾಗಿಲವರೆಗೆ ಬಂದು ಕಳಿಸಿದರು.

ತಿಳಿಸಿದ್ದು ಅವರಲ್ಲ, ವೆಂಕಟಾಚಲ. ಜನವರಿಯ ಒಂದು ಮಧ್ಯಾಹ್ನ ಕೈ ಉಜ್ಜಿಕೊಳ್ಳುತ್ತ ಅವಳ ಮೇಜಿಗೆ ಬಂದ.

"ಮೇಡಂ, ಎಲ್.ಎ. ಆಸ್ಪತ್ರೆಯೊಂದು ನಮ್ಗೆ ಸರ್ವೆ ಕೊಟ್ಟಿದೆ. ಲ್ಯಾಟಿನೋಗಳಲ್ಲಿ ಸಕ್ಕರೆ ಕಾಯಿಲೆ. ಅವ್ರಿಗೆ ಯಾರೂ ಸರಿಯಾದ ಹೆಡ್ ಸಿಗ್ಲಿಲ್ವಂತೆ, ಹೊರಗಡೆಯಿಂದ ಮಾಡಿಸ್ತಾರಂತೆ. ನಮ್ಮ ರಿಪೋರ್ಟ್ ನೋಡಿ ಮೆಚ್ಚಿದಾರೆ." ಸ್ವಲ್ಪ ನಿಂತು, ದೊಡ್ಡ ಮನಸ್ಸು ಮಾಡಿ ಸೇರಿಸಿದ. "ಈ ಸಲ ನಿಮ್ಮ ಹೆಸರು ಮುಖಪುಟದಲ್ಲಿ, ನನ್ನ ಹೆಸರಿನ ಪಕ್ಕದಲ್ಲೇ. ಕೆಳಗಲ್ಲ. ಫೋನ್ ಮಾಡೋರ ಹೆಸರಿನ ಲಿಸ್ಟ್ ರೆಡಿ ಇದೆ, ಹಳೇದೇ."

"ಆ ಪ್ರಶ್ನೆ ಇರುತ್ತಾ ಸರ್?"

"ಯಾವ ಪ್ರಶ್ನೆ?"

"ನೀವು ಲ್ಯಾಟಿನೋನಾ ಅನ್ನೋದು."

"ಮತ್ತೆ ಶುರು ಮಾಡಿದ್ರಾ? ಗೆದ್ದಿರೋ ಮೆಥೆಡ್ಡನ್ನ ಯಾರಾದ್ರೂ ಮುಟ್ತಾರಾ?" ವೆಂಕಟಾಚಲನ ದನಿಯಲ್ಲಿ ನಿಜವಾದ ಬೇಸರವಿತ್ತು. ಇಷ್ಟು ದಿನ ಜೊತೆಗಿದ್ದೂ ಈ ಹೆಂಗಸಿಗೆ ಕಸುಬು ಹತ್ತಲಿಲ್ಲವಲ್ಲ ಎಂದು. "ಹೆಸರೇ ಹೇಳುತ್ತೆ ಮೇಡಂ."

ನಿರುಪಮಾ ಡ್ರಾಯರಿನಿಂದ ತನ್ನ ಕನ್ನಡಕದ ಪೆಟ್ಟಿಗೆ, ಮಧ್ಯಾಹ್ನದ ಊಟದ ಡಬ್ಬಿ, ಒಂದು ಶಾಲು ತೆಗೆದು ಚೀಲಕ್ಕೆ ಹಾಕಿಕೊಂಡಳು. ಅವಳದು ಎನ್ನುವುದು ಅಲ್ಲಿ ಅಷ್ಟೇ ಇತ್ತು.

"ಹಾಗಾದ್ರೆ ನಿಮ್ಮ ಹೆಸರೊಂದೇ ಇರ್ಲಿ ಸರ್. ನಿಮ್ಗೇ ಸರಿ ಹೊಂದುತ್ತೆ."

ಅವನು ಅದನ್ನು ಹೊಗಳಿಕೆ ಎಂದುಕೊಂಡು ನಕ್ಕ. ಅವಳು ಕಾರಿನ ಕೀಲಿ ಎತ್ತಿಕೊಂಡಾಗಲೇ ಅವನಿಗೆ ಅನುಮಾನ ಬಂದದ್ದು. ಆಗಲೂ ಅವನು ಕೇಳಿದ್ದು, "ನಾಳೆ ಬೇಗ ಬರ್ತೀರಾ ಹಾಗಾದ್ರೆ?" ಎಂದು. ಉತ್ತರಕ್ಕೆ ಅವಳು ನಿಲ್ಲಲಿಲ್ಲ.

ಫೆಬ್ರವರಿಯಲ್ಲಿ, ಅವಳು ಇನ್ನೂ ಕೆಲಸ ಹುಡುಕುತ್ತಿದ್ದಾಗ, ಕಾರ್ಮಿನ್ ಬಾಯಿ ಫೋನ್ ಮಾಡಿದರು. ದನಿ ಬಹಳ ಹಿಗ್ಗಿನಲ್ಲಿತ್ತು.

"ಮತ್ತೊಬ್ಬ ಹುಡುಗ ಫೋನ್ ಮಾಡಿದ್ದ ನಿರುಪಮಾ. ಈ ಸಲ ಓಟಿನದ್ದಲ್ಲ, ಸಕ್ಕರೆಯದ್ದು. ನನಗೆ ಸಕ್ಕರೆಯೂ ಇಲ್ಲ, ಬೀಪಿಯೂ ಇಲ್ಲ, ದಿನಾ ಕುಚ್ಚಲಕ್ಕಿ ಗಂಜಿ ಅಂತ ಹೇಳಿದೆ. ಬಹಳ ಖುಷಿಯಾಯ್ತು ಅವನಿಗೆ. ಲ್ಯಾಟಿನೋ ಹೆಂಗಸರ ಆರೋಗ್ಯ ಇಷ್ಟು ಒಳ್ಳೆಯದುಂಟು ಅಂತ ನಮಗೆ ಗೊತ್ತಿರಲಿಲ್ಲ ಅಂತ ಹೇಳಿದ."

"ನೀವು ಯಾರು ಅಂತ ಕೇಳಿದ್ನಾ ಬಾಯಿ?"

"ಇಲ್ಲ. ಎಂತಕ್ಕೆ? ನಾನೇ ಹೇಳ್ಬೇಕಿತ್ತಾ?"

ನಿರುಪಮಾಳಿಗೆ ನಾರ್ವಾಕಿನ ಆ ಎಲ್ ಸಾಲ್ವಡೋರಿನ ಹೆಂಗಸು ನೆನಪಾದಳು. ಅವಳು ಕೂತಲ್ಲೇ ಚಪ್ಪಲಿ ಬಿಚ್ಚಿ, ಊದಿದ ಪಾದಗಳನ್ನು ಮೇಜಿನ ಕೆಳಗೆ ಒಂದರ ಮೇಲೊಂದು ಇಟ್ಟುಕೊಂಡಿದ್ದಳು. ಬೂಂದಿ ಮೆಲ್ಲುತ್ತಿದ್ದವನಿಗೆ ಅದು ಕಂಡಿರಲಿಲ್ಲ. ಅವಳ ಮನೆಗೂ ಫೋನ್ ಹೋಗಿರಬಹುದು. ಅವಳು ಎತ್ತಿರಲಿಕ್ಕಿಲ್ಲ.

"ಹೇಳಿ ಬಾಯಿ" ಎಂದಳು. "ಇನ್ನೊಂದ್ಸಲ ಬಂದ್ರೆ, ಅವ್ರು ಕೇಳ್ದಿದ್ರೂ ನೀವೇ ಹೇಳಿ. ಮಂಗಳೂರಿನವಳು ಅಂತ."

"ಆಯ್ತು, ಹೇಳುವ. ಆದ್ರೆ ಪಾಪ, ಅವನಿಗೆ ಬೇಜಾರಾಗ್ಬಹುದಲ್ಲ?"

"ಆಗ್ಲಿ" ಎಂದಳು ನಿರುಪಮಾ.